ತನ್ಮಯತೆಗೆ ತಕ್ಕಡಿಯುಂಟೆ?

ರಾಗಿಯನ್ನು ಕೊಳಗದಿಂದಲೂ, ಬೆಲ್ಲವನ್ನು ತಕ್ಕಡಿಯಿಂದಲೂ, ಹೊಲವನ್ನು ಸರಪಳಿಯಿಂದಲೂ ಅಳೆಯುವುದು ಲೋಕರೂಢಿಯಾಗಿ ಬಂದಿದೆ. ಪದಾರ್ಥಕ್ಕೆ ತಕ್ಕ ಮಾನವನ್ನು ಹಿಡಿಯಬೇಕೆಂಬುದು ಲೆಕ್ಕದ ಮೊದಲ ಪಾಠ. ತಕ್ಕಡಿಯನ್ನು ಹೊತ್ತುಕೊಂಡು ಹೊಲವನ್ನು ತೂಗಹೊರಟವನನ್ನು ಕಂಡರೆ ದನಕಾಯುವ ಹುಡುಗರೂ ನಗುವರು. ಅದೇ ಬಗೆಯ ಕಾರ್ಯವು ವಿಶ್ವವಿದ್ಯಾನಿಲಯಗಳಲ್ಲಿಯೂ ವ್ಯಾಪಾರಸಂಸ್ಥೆಗಳಲ್ಲಿಯೂ ಗಂಭೀರವಾಗಿ ನಡೆಯುವಾಗ ಮಾತ್ರ ನಗುವವರು ವಿರಳರು.

ವೀಡಿಯೋ ಆಟವನ್ನಾಡುವವನ ಅನುಭವವು ಎಂತಹುದು, ಆಟದೊಳಗೆ ಅವನ ಮನಸ್ಸು ಎಷ್ಟು ಆಳಕ್ಕೆ ಇಳಿದಿರುವುದು, ಎಂಬುದನ್ನು ಅಂಕೆಗಳಲ್ಲಿ ಹೇಳುವೆನೆಂದು ಪ್ರತಿಜ್ಞೆಮಾಡಿದ ಶಾಸ್ತ್ರವೊಂದು ಕಳೆದ ೨೦ ವರ್ಷಗಳಿಂದ ಬೆಳೆದುಬಂದಿದೆ. ಆ ಇಳಿತಕ್ಕೆ ಪಾಶ್ಚಾತ್ಯ ಪಂಡಿತರು ‘ಇಮ್ಮರ್ಷನ್’ ಎಂದು ಹೆಸರಿಟ್ಟಿರುವರು. ಮುಳುಗುವಿಕೆಯೆಂದು ಅದರ ಅಕ್ಷರಾರ್ಥ, ತನ್ಮಯತೆಯೆಂದು ಭಾವಾರ್ಥ. ಪ್ರಶ್ನಾವಳಿಗಳಿಂದ, ಕಣ್ಣಿನ ಚಲನೆಯನ್ನು ಗುರುತಿಸುವ ಯಂತ್ರಗಳಿಂದ, ನಾಡಿಯನ್ನೂ ಬೆವರನ್ನೂ ಹಿಡಿಯುವ ಉಪಕರಣಗಳಿಂದ, ಎಲ್ಲಕ್ಕಿಂತ ಹೆಚ್ಚಾಗಿ ಆಡಿದ ಕಾಲದ ಲೆಕ್ಕದಿಂದ, ಇದನ್ನು ಅಳೆಯಬಹುದೆಂದು ಅವರ ವಾದ. ಈ ವಾದದಲ್ಲಿ ಸತ್ಯಾಂಶವೇ ಇಲ್ಲವೆಂದಲ್ಲ. ಅಳೆದದ್ದು ಒಂದು, ಅಳೆದೆವೆಂದು ಸಾರಿದ್ದು ಮತ್ತೊಂದು. ಇದೇ ಇಲ್ಲಿಯ ದೋಷ. ತನ್ಮಯತೆಗೆ ಬರುವ ವಿಘ್ನಗಳನ್ನು ಎಣಿಸಬಹುದು, ತನ್ಮಯತೆಯನ್ನು ಎಣಿಸಲಾಗದು. ಎಣಿಸಿದೆವೆನ್ನುವವರ ಕೈಯಲ್ಲಿರುವುದು ಬೇರೆ ಯಾವುದೋ ಪದಾರ್ಥ. ಅದು ಯಾವುದೆಂದು ವಿಚಾರಿಸದೆ ಗೃಹಸ್ಥರು ಅದಕ್ಕೆ ಮಕ್ಕಳ ಆಯುಸ್ಸಿನ ಒಂದು ಭಾಗವನ್ನು ಬೆಲೆಯಾಗಿ ತೆರುತ್ತಿರುವರು.

ಇದು ದೂರದೇಶದವರ ಚರ್ಚೆ, ಮಧುಗಿರಿಯವರಿಗೇಕೆ, ಎಂದು ಕೆಲವರು ಕೇಳಬಹುದು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ಈ ನಾಲ್ಕು ತಾಲ್ಲೂಕುಗಳ ಸೀಮೆಯಲ್ಲಿ ಮೊಬೈಲ್ ಫೋನು ಹೊಗದ ಮನೆ ಈಗ ಅಪರೂಪ. ಜಗಲಿಯ ಮೇಲೆ ಸೀಮೆಸುಣ್ಣದಿಂದ ಚೌಕಾಬಾರದ ಮನೆಗಳನ್ನು ಬರೆದು ಕವಡೆ ಎಸೆಯುತ್ತಿದ್ದ ಬೆರಳುಗಳು ಈಗ ಗಾಜಿನ ತೆರೆಯ ಮೇಲೆ ಓಡಾಡುತ್ತಿವೆ. ಇಲ್ಲಿಂದ ಸುಮಾರು ೧೦೦ ಕಿಲೋಮೀಟರು ದೂರದ ಬೆಂಗಳೂರಿನಲ್ಲಿ ೧೯೯೭ರಲ್ಲಿಯೇ ಧ್ರುವ ಇಂಟರಾಕ್ಟಿವ್ ಎಂಬ ಸಂಸ್ಥೆ ಹುಟ್ಟಿ ಭಾರತದಲ್ಲಿ ಈ ಕೈಗಾರಿಕೆಗೆ ನಾಂದಿ ಹಾಡಿತು. ೨೦೧೯ರಲ್ಲಿ ಅದನ್ನು ಅಮೆರಿಕದ ರಾಕ್‌ಸ್ಟಾರ್ ಸಂಸ್ಥೆಯು ಕೊಂಡಿತು. ಜಿಂಗಾ ಎಂಬ ಮತ್ತೊಂದು ಅಮೆರಿಕದ ಸಂಸ್ಥೆ ೨೦೧೦ರಲ್ಲಿ ಅಲ್ಲಿ ತನ್ನ ಕಾರ್ಯಾಲಯವನ್ನು ತೆರೆಯಿತು. ಕರ್ನಾಟಕ ಸರ್ಕಾರವು ೨೦೧೨ರಲ್ಲಿ ಈ ಉದ್ಯಮಕ್ಕಾಗಿಯೇ ಒಂದು ನೀತಿಯನ್ನು ಹೊರಡಿಸಿ, ೨೦೨೪ರಲ್ಲಿ ಅದನ್ನು ಮತ್ತೆ ಹೊಸದಾಗಿ ರಚಿಸಿತು. ಆಟವನ್ನು ಮಾಡುವವರೂ ಕನ್ನಡನಾಡಿನಲ್ಲಿದ್ದಾರೆ, ಆಡುವವರೂ ಇದ್ದಾರೆ. ಆಟವು ಒಳ್ಳೆಯದೋ ಕೆಟ್ಟದೋ ಎಂದು ನಿರ್ಣಯಿಸುವ ಮಾನದಂಡ ಮಾತ್ರ ಹೊರಗಿನಿಂದ ಬಂದು, ಯಾರೂ ಪರೀಕ್ಷಿಸದೆ ಒಳಗೆ ಕುಳಿತಿದೆ.

ಮೊದಲು ಉದ್ದೇಶ, ಬಳಿಕ ಲಕ್ಷಣ, ಆಮೇಲೆ ಪರೀಕ್ಷೆ ಎಂಬುದು ನ್ಯಾಯಶಾಸ್ತ್ರದ ಕ್ರಮ. ಅಳತೆವಾದಿಗಳು ಹೆಸರಿಟ್ಟೊಡನೆ ಪರೀಕ್ಷೆಗೆ ಹಾರಿರುವರು. ಲಕ್ಷಣವನ್ನು ನಡುವೆ ಕೈಬಿಟ್ಟಿರುವರು. ತನ್ಮಯತೆಯೆಂದರೇನು? ಈ ಪ್ರಶ್ನೆಯನ್ನು ಭರತನ ನಾಟ್ಯಶಾಸ್ತ್ರದ ವ್ಯಾಖ್ಯಾತೃಗಳು ಸಾವಿರ ವರ್ಷಗಳ ಹಿಂದೆಯೇ ಮಥಿಸಿರುವರು. ಶಂಕುಕನು ಚಿತ್ರತುರಗನ್ಯಾಯವನ್ನು ಮುಂದಿಟ್ಟನು. ಗೋಡೆಯ ಮೇಲೆ ಬರೆದ ಕುದುರೆಯನ್ನು ಕಂಡು ‘ಇದು ಕುದುರೆ’ ಎನ್ನುವವನ ತಿಳಿವು ಸತ್ಯಜ್ಞಾನವೂ ಅಲ್ಲ, ಮಿಥ್ಯಾಜ್ಞಾನವೂ ಅಲ್ಲ, ಸಂಶಯವೂ ಅಲ್ಲ, ‘ಕುದುರೆಯಂತಿದೆ’ ಎಂಬ ಸಾದೃಶ್ಯವೂ ಅಲ್ಲ. ಅದೊಂದು ಬೇರೆಯೇ ಜಾತಿಯ ತಿಳಿವು. ಫೋನಿನ ತೆರೆಯ ಮೇಲೆ ಓಡುವ ಕುದುರೆಯನ್ನೇರಿದ ಬಾಲಕನ ತಿಳಿವೂ ಆ ಜಾತಿಯದೇ. ಅವನು ಮರುಳನಲ್ಲ, ಅದು ಕುದುರೆಯಲ್ಲವೆಂಬುದನ್ನು ಬಲ್ಲನು, ಬಲ್ಲವನಾಗಿಯೂ ಸವಾರನಾಗಿರುವನು. ಭಟ್ಟನಾಯಕನು ಇದಕ್ಕೆ ಸಾಧಾರಣೀಕರಣವೆಂಬ ತತ್ತ್ವವನ್ನು ಸೇರಿಸಿದನು: ತನ್ನದು, ಪರರದು ಎಂಬ ಗಡಿಯಳಿದು ಭಾವವು ಎಲ್ಲರದೂ ಆಗುವುದು. ಕಾಶ್ಮೀರದ ಅಭಿನವಗುಪ್ತನು ಕಡೆಗೆ ಸಿದ್ಧಾಂತವನ್ನು ಸ್ಥಾಪಿಸಿ, ವಿಘ್ನಗಳು ತೊಲಗಿದ ಮೇಲೆ ಉಳಿಯುವ ಪ್ರತೀತಿಯೇ ರಸವೆಂದೂ, ಸವಿಯುವಾಗ ಮಾತ್ರ ಅದು ಉಂಟೆಂದೂ, ವಿಶ್ರಾಂತಿಯೇ ಅದರ ಕುರುಹೆಂದೂ ಹೇಳಿದನು. ತುಮಕೂರು ಜಿಲ್ಲೆಯ ತೀರ್ಥಪುರದಲ್ಲಿ ಜನಿಸಿದ ತೀ. ನಂ. ಶ್ರೀಕಂಠಯ್ಯನವರು ೧೯೫೩ರ ‘ಭಾರತೀಯ ಕಾವ್ಯಮೀಮಾಂಸೆ’ಯಲ್ಲಿ ಈ ವಿಚಾರಸರಣಿಯನ್ನೆಲ್ಲ ತಿಳಿಗನ್ನಡದಲ್ಲಿ ಬಿಡಿಸಿಟ್ಟಿರುವರು. ಜಿಲ್ಲೆಯ ಮಗನೇ ತೆಗೆದಿಟ್ಟ ನಿಧಿಯನ್ನು ಮರೆತು ಜಿಲ್ಲೆಯವರು ಪರರ ಅಳತೆಗೋಲಿಗೆ ಕಾಯುವುದು ವಿಚಿತ್ರವಲ್ಲವೆ?

ಇನ್ನು ಪೂರ್ವಪಕ್ಷವನ್ನು ಅದರ ಬಲಸಹಿತವಾಗಿಯೇ ನೋಡಬೇಕು. ೨೦೦೪ರಲ್ಲಿ ಬ್ರೌನ್ ಮತ್ತು ಕೇರ್ನ್ಸ್ ಎಂಬಿಬ್ಬರು ಆಟಗಾರರೊಡನೆ ಮಾತಾಡಿ, ಮುಳುಗುವಿಕೆಯಲ್ಲಿ ಮೂರು ಮೆಟ್ಟಿಲುಗಳುಂಟೆಂದು ತೀರ್ಮಾನಿಸಿದರು: ಮೊದಲು ತೊಡಗುವುದು, ಆಮೇಲೆ ತಲ್ಲೀನವಾಗುವುದು, ಕೊನೆಗೆ ಪೂರ್ಣವಾಗಿ ಮುಳುಗುವುದು. ಪ್ರತಿಯೊಂದು ಮೆಟ್ಟಿಲಿಗೂ ಅಡ್ಡಿಗಳುಂಟು, ಆ ಅಡ್ಡಿ ತೆಗೆದಲ್ಲದೆ ಮುಂದಿನ ಮೆಟ್ಟಿಲು ದೊರೆಯದು, ಎಂದೂ ಅವರು ಹೇಳಿದರು. ೨೦೦೮ರಲ್ಲಿ ಜೆನೆಟ್ ಮೊದಲಾದವರು ೩೧ ಪ್ರಶ್ನೆಗಳ ಒಂದು ಪಟ್ಟಿಯನ್ನು ರಚಿಸಿ, ಆಟ ಮುಗಿದ ಬಳಿಕ ಆಡಿದವನಿಂದ ಉತ್ತರಗಳನ್ನು ಪಡೆದು, ಅವುಗಳನ್ನು ಕೂಡಿ ಒಂದು ಅಂಕೆಯನ್ನು ತೆಗೆದರು. ಅಷ್ಟಕ್ಕೇ ನಿಲ್ಲದೆ ಕಣ್ಣಿನ ಚಲನೆಯನ್ನೂ ಗುರುತಿಸಿ, ಆಟದಲ್ಲಿ ತಲ್ಲೀನನಾದವನ ಕಣ್ಣು ಬರಬರುತ್ತಾ ಸ್ಥಿರವಾಗುವುದೆಂದೂ, ಬೇಸರದ ಕೆಲಸಕ್ಕೆ ಕುಳಿತವನ ಕಣ್ಣು ಬರಬರುತ್ತಾ ಅಲೆದಾಡುವುದೆಂದೂ ಕಂಡರು. ಇವರು ವಂಚಕರಲ್ಲ, ಶ್ರದ್ಧೆಯಿಂದ ದುಡಿದ ವಿದ್ವಾಂಸರು. ಅಡ್ಡಿ ತೊಲಗಿದಲ್ಲಿ ಮುಳುಗುವಿಕೆ ಎಂಬ ಬ್ರೌನ್ ಮತ್ತು ಕೇರ್ನ್ಸರ ಮಾತಂತೂ ಅಭಿನವಗುಪ್ತನ ಮನೆಯ ಬಾಗಿಲಿಗೇ ಬಂದು ನಿಂತಿದೆ. ಆದರೆ ಬಾಗಿಲವರೆಗೆ ಬಂದವರು ಒಳಹೊಗದೆ, ಹೊರಗೆ ನಿಂತು ಹೊಸ್ತಿಲಿನ ಉದ್ದವನ್ನು ಅಳೆದರು.

ಪ್ರಶ್ನಾವಳಿಯ ವಿಷಯವಾಗಿ ಮೊದಲ ಆಕ್ಷೇಪವನ್ನೆತ್ತಿದವರು ಪೌರಸ್ತ್ಯರಲ್ಲ, ಅವರ ಪಾಳೆಯದವರೇ. ಯಂತ್ರನಿರ್ಮಿತ ಲೋಕಗಳಲ್ಲಿ ಮನುಷ್ಯನಿಗುಂಟಾಗುವ ‘ಇಲ್ಲಿಯೇ ಇದ್ದೇನೆ’ ಎಂಬ ಭಾವವನ್ನು ಕುರಿತು ಬಹುಕಾಲ ಶೋಧಿಸಿದ ಮೆಲ್ ಸ್ಲೇಟರ್ ಎಂಬವರು ೨೦೦೪ರಲ್ಲಿ ಒಂದು ಚಮತ್ಕಾರದ ಪರೀಕ್ಷೆಯನ್ನು ಪ್ರಕಟಿಸಿದರು. ನಿನ್ನೆಯ ದಿನವು ಎಷ್ಟು ‘ಬಣ್ಣಬಣ್ಣವಾಗಿತ್ತು’ ಎಂದು ಅವರು ಜನರನ್ನು ಕೇಳಿದರು. ದಿನದ ಬಣ್ಣವೆಂಬುದು ಪರೀಕ್ಷೆಗಾಗಿ ಕಲ್ಪಿಸಿದ ಗುಣ. ಆದರೂ ಜನರು ಸಂಕೋಚವಿಲ್ಲದೆ ಅಂಕೆಗಳನ್ನು ಕೊಟ್ಟರು. ಆ ಅಂಕೆಗಳು ಒಂದಕ್ಕೊಂದು ಹೊಂದಿಕೊಂಡು, ಅಂತಹ ಗುಣವೊಂದು ನಿಜವಾಗಿಯೂ ಇರುವಂತೆ ತೋರಿದವು. ಎತ್ತು ಈಯಿತೆಂದರೆ ಕೊಟ್ಟಿಗೆಯಲ್ಲಿ ಕಟ್ಟೆಂದ ಗಾದೆಯನ್ನು ಗಣಿತದಿಂದ ಸಾಧಿಸಿದಂತಾಯಿತು. ಕೇಳಿದ್ದರಿಂದಲೇ ಹುಟ್ಟಿದ ಉತ್ತರವು ಕೇಳುವ ಮೊದಲು ಇದ್ದ ವಸ್ತುವಿಗೆ ಸಾಕ್ಷಿಯಾಗಲಾರದು. ಬಹುಜನರು ಬಳಸಿದ ಮತ್ತೊಂದು ಆಟದನುಭವದ ಪ್ರಶ್ನಾವಳಿಯನ್ನು ೨೦೧೮ರಲ್ಲಿ ಕೆಲವು ವಿದ್ವಾಂಸರು ಒರೆಗೆ ಹಚ್ಚಲು, ಅದು ಬೇರೆ ಬೇರೆಯಾಗಿ ಅಳೆಯುವುದಾಗಿ ಹೇಳಿಕೊಂಡ ಅಂಶಗಳು ಹೇಳಿದಂತೆ ಬೇರ್ಪಡಲಿಲ್ಲ. ಅಷ್ಟು ವರ್ಷಗಳು ಆ ಕೋಲಿನಿಂದ ಅಳೆದ ಅಳತೆಗಳ ಗತಿಯೇನು?

ಇದಕ್ಕೂ ಆಳವಾದ ತೊಡಕೊಂದಿದೆ. ತನ್ಮಯನಾಗಿರುವವನನ್ನು ‘ನೀನು ತನ್ಮಯನಾಗಿರುವೆಯಾ?’ ಎಂದು ಯಾವಾಗ ಕೇಳಬೇಕು? ಆಟದ ನಡುವೆ ಕೇಳಿದರೆ ಆ ಪ್ರಶ್ನೆಯೇ ವಿಘ್ನವಾಗಿ ತನ್ಮಯತೆ ಮುರಿಯುವುದು. ಮುರಿದ ಮೇಲೆ ಅಳೆಯಲು ಏನೂ ಉಳಿಯದು. ಆಟ ಮುಗಿದ ಮೇಲೆ ಕೇಳಿದರೆ ಉತ್ತರ ಹೇಳುವುದು ಅನುಭವವಲ್ಲ, ಸ್ಮೃತಿ. ಸ್ಮೃತಿಯು ಗೆದ್ದವನಿಗೆ ಸಿಹಿ, ಸೋತವನಿಗೆ ಕಹಿ. ಎರಡು ಕಡೆಯಿಂದಲೂ ಬಿಗಿಯುವ ಇಂತಹ ಕುಣಿಕೆಯನ್ನು ತಾರ್ಕಿಕರು ಉಭಯತಃಪಾಶವೆಂದು ಕರೆಯುವರು. ವೈದ್ಯನು ಜ್ವರವನ್ನು ಅಳೆಯುವುದಿಲ್ಲವೆ, ಎಂದು ಇದಿರುವಾದಿ ಕೇಳಬಹುದು. ಅಳೆಯುವನು, ಏಕೆಂದರೆ ಬಾಯಲ್ಲಿ ಕಡ್ಡಿಯಿಟ್ಟ ಮಾತ್ರಕ್ಕೆ ಜ್ವರವು ಬಿಡುವುದಿಲ್ಲ, ರೋಗಿಯು ಮರೆತ ಮಾತ್ರಕ್ಕೆ ಇಳಿಯುವುದಿಲ್ಲ. ಜ್ವರವು ಅಳತೆಯನ್ನು ಲೆಕ್ಕಿಸದೆ ತನ್ನಷ್ಟಕ್ಕೆ ಇರುವ ವಸ್ತು. ರಸವಾದರೋ ಸವಿಯುವ ಕ್ಷಣವನ್ನು ಬಿಟ್ಟು ಬೇರೆ ಇರವಿಲ್ಲದುದು.

ಪ್ರಶ್ನೆಗಳನ್ನು ಬಿಟ್ಟು ದೇಹವನ್ನೇ ಕೇಳುವೆವೆಂದು ಮತ್ತೊಂದು ಪಕ್ಷದವರು ಮುಂದೆ ಬರುವರು. ಚರ್ಮದ ಬೆವರು, ಹೃದಯದ ಬಡಿತ, ಸ್ನಾಯುಗಳ ಬಿಗಿತ, ಇವು ಸುಳ್ಳಾಡವೆಂದು ಅವರ ನಂಬಿಕೆ. ಭರತಮುನಿಯು ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಳಯ ಎಂದು ಎಂಟು ಸಾತ್ತ್ವಿಕಭಾವಗಳನ್ನು ಎಣಿಸಿಟ್ಟಿರುವನು. ಇಂದಿನ ಯಂತ್ರಗಳು ಹಿಡಿಯುವುದೆಲ್ಲ ಬಹುಮಟ್ಟಿಗೆ ಇವನ್ನೇ. ಆದರೆ ಎಣಿಸಿದ ಮುನಿಯೇ ಎಚ್ಚರಿಕೆಯನ್ನೂ ಕೊಟ್ಟಿರುವನು: ಬೆವರು ಕ್ರೋಧದಿಂದಲೂ ಬರುವುದು, ಭಯದಿಂದಲೂ ಬರುವುದು, ಹರ್ಷ, ಲಜ್ಜೆ, ದುಃಖ, ಶ್ರಮ, ರೋಗ, ತಾಪ ಇವೆಲ್ಲದರಿಂದಲೂ ಬರುವುದು. ಚೈತ್ರಮಾಸದಲ್ಲಿ ಪಾವಗಡದ ಬಿಸಿಲಿಗೆ ಕುಳಿತು ಆಡುವ ಬಾಲಕನ ಬೆವರಿನಲ್ಲಿ ವೀರರಸವೆಷ್ಟು, ಬಿಸಿಲೆಷ್ಟು, ಎಂದು ಬೇರ್ಪಡಿಸಿ ಹೇಳುವ ಯಂತ್ರವಿಲ್ಲ. ಕಣ್ಣಿನ ಸ್ಥಿರತೆಯ ಮಾತೂ ಹಾಗೆಯೇ. ಧ್ಯಾನಸ್ಥನಾದ ಯೋಗಿಯ ಕಣ್ಣು ಸ್ಥಿರ. ಕೆರೆಯ ಅಂಚಿನಲ್ಲಿ ಒಂಟಿಕಾಲಲ್ಲಿ ನಿಂತ ಬಕಪಕ್ಷಿಯ ಕಣ್ಣೂ ಸ್ಥಿರ. ಕಣ್ಣನ್ನು ಮಾತ್ರ ನೋಡುವ ಯಂತ್ರಕ್ಕೆ ಇಬ್ಬರೂ ಒಂದೇ. ಜೆನೆಟ್ ಮೊದಲಾದವರು ಪ್ರಾಮಾಣಿಕರಾದುದರಿಂದ, ಮುಳುಗುವಿಕೆಯು ಯಾವಾಗಲೂ ಸುಖಕರವಲ್ಲ, ಆತಂಕವೂ ಅದರೊಡನೆ ಏರಬಹುದು, ಎಂದು ತಾವೇ ಒಪ್ಪಿರುವರು. ಅವರ ಅಂಕೆಯನ್ನು ಎತ್ತಿಕೊಂಡುಹೋದವರು ಈ ಒಪ್ಪಿಗೆಯನ್ನು ಅಲ್ಲಿಯೇ ಬಿಟ್ಟುಹೋದರು.

ಹಾಗಾದರೆ ಪೂರ್ವಿಕರು ಪ್ರೇಕ್ಷಕನ ಅನುಭವವನ್ನು ಅಳೆಯಲೇ ಇಲ್ಲವೆ? ಇಲ್ಲಿ ಭಾರತೀಯಪಕ್ಷದ ಅಭಿಮಾನಿಗಳೂ ತಪ್ಪಬಾರದು, ಅಳೆದರು. ನಾಟ್ಯಶಾಸ್ತ್ರದ ೨೭ನೆಯ ಅಧ್ಯಾಯವು ಪ್ರಯೋಗದ ಸಿದ್ಧಿಯನ್ನು ನಿರ್ಣಯಿಸುವುದಕ್ಕೇ ಮೀಸಲಾಗಿದೆ. ಅಲ್ಲಿ ಪ್ರಾಶ್ನಿಕರೆಂಬ ಪರೀಕ್ಷಕರುಂಟು: ಯಜ್ಞವನ್ನು ಬಲ್ಲವನು, ನರ್ತಕ, ಛಂದಸ್ಸನ್ನು ಬಲ್ಲವನು, ವ್ಯಾಕರಣವನ್ನು ಬಲ್ಲವನು, ರಾಜ, ಬಿಲ್ಲಾಳು, ಚಿತ್ರಕಾರ, ಗಣಿಕೆ, ಗಾಯಕ, ರಾಜಸೇವಕ. ಒಬ್ಬೊಬ್ಬನು ತಾನು ಬಲ್ಲ ವಿಷಯದಲ್ಲಿ ಮಾತ್ರ ತೀರ್ಪು ಹೇಳತಕ್ಕವನು. ಪ್ರೇಕ್ಷಕರ ಮುಗುಳ್ನಗೆ, ಅಟ್ಟಹಾಸ, ‘ಸಾಧು’ ಎಂಬ ಉದ್ಗಾರ, ರೋಮಾಂಚ, ಪೀಠದಿಂದ ಏಳುವುದು, ಮೈಮೇಲಿನ ವಸ್ತ್ರವನ್ನೂ ಬೆರಳ ಉಂಗುರವನ್ನೂ ರಂಗದತ್ತ ಎಸೆಯುವುದು, ಇವು ಮಾನುಷೀಸಿದ್ಧಿಯ ಚಿಹ್ನೆಗಳು. ಇವಕ್ಕೆ ಇದಿರಾಗಿ ಘಾತಗಳೆಂಬ ಕೇಡುಗಳು: ಗಾಳಿ, ಮಳೆ, ಬೆಂಕಿ, ಹಾವುಗಳಿಂದ ಬರುವವು ದೈವಿಕ, ಅಸೂಯೆಪಡುವವರು ಗದ್ದಲವೆಬ್ಬಿಸಿ ಸಗಣಿ ಎರಚುವುದರಿಂದ ಬರುವವು ಪರಕೃತ, ನಟನು ಮಾತು ಮರೆಯುವುದರಿಂದ, ಕಿರೀಟ ಬೀಳಿಸುವುದರಿಂದ ಬರುವವು ಆತ್ಮಕೃತ. ಇವನ್ನು ಎಣಿಸಿ, ಗುಣ ಹೆಚ್ಚಿ ದೋಷ ಕಡಿಮೆಯಾದವನಿಗೆ ಪತಾಕೆಯನ್ನು ಕೊಡುತ್ತಿದ್ದರು. ಎಣಿಸಿದರು, ನಿಜ, ಆದರೆ ಎಣಿಸಿದ್ದನ್ನು ರಸವೆಂದು ಕರೆಯಲಿಲ್ಲ. ಪತಾಕೆಯು ಪ್ರಯೋಗಕ್ಕೆ ಸಂದ ಬಹುಮಾನವೇ ಹೊರತು ಪ್ರೇಕ್ಷಕನ ಆನಂದದ ತೂಕವಲ್ಲ.

ಈ ಅಧ್ಯಾಯದ ಹೃದಯವು ಇನ್ನೊಂದು ಮಾತಿನಲ್ಲಿದೆ. ಮಾನುಷೀಸಿದ್ಧಿಗಿಂತ ಬೇರೆಯಾಗಿ ದೈವೀಸಿದ್ಧಿ ಎಂಬುದೊಂದನ್ನು ಭರತನು ಹೇಳುವನು: ಶಬ್ದವಿಲ್ಲ, ಕ್ಷೋಭೆಯಿಲ್ಲ, ಉತ್ಪಾತವಿಲ್ಲ, ರಂಗಮಂದಿರವು ಜನರಿಂದ ತುಂಬಿದೆ, ಎಲ್ಲವೂ ನಿಶ್ಚಲ. ಚಿಹ್ನೆಗಳನ್ನು ಎಣಿಸುವವನು ಇಲ್ಲಿ ಏನನ್ನು ಎಣಿಸಬೇಕು? ಅವನ ಪುಸ್ತಕದಲ್ಲಿ ಆ ರಾತ್ರಿ ಬರಿಯ ಸೊನ್ನೆ. ಯಾವ ಅಳತೆಯಲ್ಲಿ ಸರ್ವೋತ್ತಮವಾದುದಕ್ಕೆ ಸೊನ್ನೆ ಬೀಳುವುದೋ ಆ ಅಳತೆಯನ್ನು ಸರ್ವಪ್ರಮಾಣವೆಂದು ಹಿಡಿಯುವುದು ಅವಿವೇಕ.

ಇದಕ್ಕೆ ದೃಷ್ಟಾಂತವನ್ನು ದೂರ ಹುಡುಕಬೇಕಾಗಿಲ್ಲ. ಈ ಸೀಮೆಯ ಹಳ್ಳಿಗಳಲ್ಲಿ ಜಾತ್ರೆಯ ಕಾಲಕ್ಕೆ ‘ಕುರುಕ್ಷೇತ್ರ’ ನಾಟಕವನ್ನು ಆಡುವರು. ಹಾರ್ಮೋನಿಯಂ ಮಾಸ್ತರರು ತಿಂಗಳುಗಟ್ಟಲೆ ಅಭ್ಯಾಸ ಮಾಡಿಸುವರು. ರಾತ್ರಿ ಆರಂಭವಾದ ಆಟ ಬೆಳಗಿನ ಜಾವದವರೆಗೆ ನಡೆಯುವುದು. ನೋಡಲು ಬಂದ ರೈತನು ಚಾಪೆಯ ಮೇಲೆ ಕುಳಿತು ಕಡಲೆಕಾಯಿ ಬಿಡಿಸುವನು, ಪಕ್ಕದವನೊಡನೆ ಮಳೆಯ ಮಾತಾಡುವನು, ನಡುರಾತ್ರಿಯಲ್ಲಿ ಒಂದು ನಿದ್ದೆಯನ್ನೂ ತೆಗೆಯುವನು. ಕಣ್ಣಿನ ಯಂತ್ರವು ಅವನಿಗೆ ಕನಿಷ್ಠ ಅಂಕೆಯನ್ನು ಕೊಡುವುದರಲ್ಲಿ ಸಂದೇಹವಿಲ್ಲ. ಕುಂತಿಯು ಕರ್ಣನ ಬಳಿಗೆ ಬರುವ ಹೊತ್ತಿಗೆ ಅದೇ ರೈತನು ಎದ್ದು ಕುಳಿತು ಹೆಗಲ ಮೇಲಿನ ವಸ್ತ್ರದಿಂದ ಕಣ್ಣೊರಸಿಕೊಳ್ಳುವನು. ಮರುದಿನ ನೇಗಿಲ ಹಿಂದೆ ನಡೆಯುತ್ತಾ ಆ ಪದ್ಯವನ್ನು ಗುನುಗುವನು. ಜಿಲ್ಲೆಯ ಹೆಮ್ಮೆಯಾದ ಗುಬ್ಬಿ ಕಂಪನಿಯು ಇದೇ ಕಥೆಗೆ ನಿಜವಾದ ಆನೆ ಕುದುರೆಗಳನ್ನು ರಂಗಕ್ಕೆ ತಂದು ಕೀರ್ತಿ ಪಡೆಯಿತು. ಆನೆಯಿಲ್ಲದ ಹಳ್ಳಿಯಲ್ಲಿಯೂ ಕರ್ಣನಿಗೆ ಕಣ್ಣೀರು ಕಡಿಮೆಯಾಗಲಿಲ್ಲ. ತೆರೆಯ ಮೇಲಿನ ಚಿತ್ರವು ನಿಜದಂತೆ ಕಂಡಷ್ಟೂ ಮುಳುಗುವಿಕೆ ಹೆಚ್ಚುವುದೆಂದು ಜಾಹೀರಾತು ಹೊರಡಿಸುವ ಆಟದ ವ್ಯಾಪಾರಿಗಳು ಈ ಮಾತನ್ನು ಗಮನಿಸುವುದು ಒಳ್ಳೆಯದು.

ನಾಟಕದ ಪ್ರೇಕ್ಷಕನು ಹೊರಗೆ ಕುಳಿತವನು, ವೀಡಿಯೋ ಆಟದವನು ಸ್ವತಃ ಕರ್ತೃ. ಅಲ್ಲಿಯ ಶಾಸ್ತ್ರ ಇಲ್ಲಿ ಸಲ್ಲದು, ಎಂದು ಆಕ್ಷೇಪಿಸಬಹುದು. ಭೇದವಿರುವುದು ನಿಜ. ನಟನು ಪಾತ್ರೆಯಂತೆ, ಅವನಿಗೆ ರಸಾಸ್ವಾದವಿಲ್ಲ, ಎಂದು ಅಭಿನವಗುಪ್ತನ ಮತ. ಆಟದವನಾದರೋ ತಾನೇ ಪಾತ್ರೆ, ತಾನೇ ಕುಡಿಯುವವನು. ಆದರೆ ಈ ಭೇದವು ಅಳತೆಯನ್ನು ಸುಲಭಗೊಳಿಸದೆ ಮತ್ತಷ್ಟು ಕಠಿನಗೊಳಿಸುವುದು. ಕೈಯ ಚುರುಕು ಕೌಶಲದಿಂದ ಬಂದುದೋ, ಭಾವದಿಂದ ಬಂದುದೋ, ಸೋಲುವ ಭಯದಿಂದ ಬಂದುದೋ, ಹೊರಗಿನವನಿಗೆ ಹೇಗೆ ತಿಳಿಯಬೇಕು?

ವಿದ್ವಾಂಸರ ಅಳತೆಯಲ್ಲಿ ಭ್ರಾಂತಿಯಿದ್ದರೂ ವಂಚನೆಯಿಲ್ಲ. ವ್ಯಾಪಾರಿಗಳ ಅಳತೆಯ ಕಥೆ ಬೇರೆ. ಒಂದು ದಿನದ ಮೇಲೆ ಎಷ್ಟು ಮಂದಿ ಮರಳಿ ಬಂದರು, ೭ ದಿನಗಳ ಮೇಲೆ ಎಷ್ಟು ಮಂದಿ, ೩೦ ದಿನಗಳ ಮೇಲೆ ಎಷ್ಟು ಮಂದಿ, ಒಮ್ಮೆ ಕುಳಿತವರು ಎಷ್ಟು ನಿಮಿಷ ಏಳಲಿಲ್ಲ, ಇದು ಅವರ ಲೆಕ್ಕ. ಇದನ್ನೇ ಅವರು ಆಟದ ಆಕರ್ಷಣೆಯೆಂದೂ ತಲ್ಲೀನತೆಯೆಂದೂ ಹೊಗಳಿಕೊಳ್ಳುವರು. ಜಿಂಗಾ ಸಂಸ್ಥೆಯು ೨೦೦೯ರಲ್ಲಿ ಹೊರಡಿಸಿ, ೨೦೨೦ರ ಕೊನೆಯ ದಿನ ಮುಚ್ಚಿದ ‘ಫಾರ್ಮ್‌ವಿಲ್’ ಎಂಬ ಬೇಸಾಯದ ಆಟವನ್ನು ನೆನೆಯಬಹುದು. ಅದರಲ್ಲಿ ಬಿತ್ತಿದ ಬೆಳೆಯನ್ನು ಹೊತ್ತಿಗೆ ಸರಿಯಾಗಿ ಬಂದು ಕೊಯ್ಯದಿದ್ದರೆ ಅದು ಒಣಗಿಹೋಗುತ್ತಿತ್ತು. ಕೋಟ್ಯಂತರ ಜನರು ಕೆಲಸವನ್ನು ಬಿಟ್ಟು, ನಿದ್ದೆಯನ್ನು ಬಿಟ್ಟು, ಇಲ್ಲದ ಬೆಳೆಯನ್ನು ಕೊಯ್ಯಲು ಮರಳಿ ಬಂದರು. ಶಿರಾ ಪಾವಗಡಗಳ ಕಡಲೆಕಾಯಿ ಬೆಳೆಗಾರನು ಮೋಡವನ್ನು ಮತ್ತೆ ಮತ್ತೆ ನೋಡುವುದು ಮೋಡದಲ್ಲಿ ತನ್ಮಯನಾದುದರಿಂದಲ್ಲ. ಬೆಳೆ ಒಣಗುವ ಭಯದಿಂದ. ಅಂತಹ ಭಯವನ್ನು ವಿನೋದಕ್ಕಾಗಿ ಕಲ್ಪಿಸಿ, ಅದರಿಂದ ಮರಳಿ ಬಂದವರನ್ನು ಎಣಿಸಿ, ಆ ಸಂಖ್ಯೆಗೆ ಆನಂದವೆಂದು ಹೆಸರಿಡುವುದು ನ್ಯಾಯವೆ?

ಮಹಾಭಾರತದ ಸಭಾಪರ್ವವನ್ನು ಬಲ್ಲವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಧರ್ಮರಾಯನು ಪಗಡೆಯ ಹಾಸಿನ ಮುಂದೆ ಕುಳಿತಾಗ ಸಭೆಯನ್ನು ಮರೆತನು, ತಮ್ಮಂದಿರನ್ನು ಮರೆತನು, ತನ್ನನ್ನೇ ಮರೆತನು. ಪ್ರಶ್ನಾವಳಿಯನ್ನು ಕೊಟ್ಟಿದ್ದರೆ ಸುತ್ತಣ ಲೋಕದ ಎಚ್ಚರ ತಪ್ಪಿತ್ತೆ ಎಂಬ ಪ್ರಶ್ನೆಗೆ ಅವನು ಪೂರ್ಣಾಂಕವನ್ನು ಬರೆಯಬೇಕಾಗಿತ್ತು. ಎಲ್ಲವನ್ನೂ ಕಳೆದು, ದ್ರೌಪದಿಯ ವರಗಳಿಂದ ಎಲ್ಲವೂ ಮರಳಿ ಬಂದು, ಇಂದ್ರಪ್ರಸ್ಥದ ದಾರಿ ಹಿಡಿದವನು ಒಂದೇ ಕರೆಗೆ ಹಿಂದಿರುಗಿ ಅನುದ್ಯೂತಕ್ಕೆ ಕುಳಿತನು. ಮರಳಿ ಬಂದವರ ಗಣನೆಯಲ್ಲಿ ಅವನಿಗಿಂತ ಉತ್ತಮ ಆಟಗಾರನಿಲ್ಲ. ಆ ಗಣನೆಯಂತೆ ಶಕುನಿಗಿಂತ ಉತ್ತಮ ಆಟದ ನಿರ್ಮಾಪಕನೂ ಇಲ್ಲ. ಶಕುನಿಗೆ ಪತಾಕೆ ಕೊಡುವ ಮಾನದಂಡವನ್ನು ಯಾವ ಗೃಹಸ್ಥನಾದರೂ ತನ್ನ ಮಕ್ಕಳ ವಿಷಯದಲ್ಲಿ ಒಪ್ಪಬಹುದೆ?

ಮುಳುಗುವಿಕೆ ಎಂಬ ಶಬ್ದದಲ್ಲಿಯೇ ಈ ತೊಡಕು ಅಡಗಿದೆ. ಕೆರೆಗೆ ಇಳಿದು ಮೀಯುವವನೂ ಮುಳುಗುವನು. ಕಾಲುಜಾರಿ ಬಿದ್ದವನೂ ಮುಳುಗುವನು. ನೀರಿನ ಆಳವನ್ನು ಅಳೆದರೆ ಇಬ್ಬರಿಗೂ ಒಂದೇ ಅಂಕೆ. ಮಿಂದವನು ಮೇಲೆದ್ದು ಹಗುರಾಗಿ ಮನೆಗೆ ನಡೆಯುವನು. ಬಿದ್ದವನನ್ನು ಇತರರು ಎತ್ತಬೇಕು. ರಸವು ವಿಶ್ರಾಂತಿಯಲ್ಲಿ ಮುಗಿಯುವುದು. ತೃಷ್ಣೆಯು ಮತ್ತೊಂದು ತೃಷ್ಣೆಯಲ್ಲಿ ಮುಗಿಯುವುದು. ಭೇದವಿರುವುದು ಆಳದಲ್ಲಲ್ಲ, ಏಳುವುದರಲ್ಲಿ.

ಇನ್ನು ಹಿರಿಯರ ಸರದಿ. ಮಗನ ಕೈಯಲ್ಲಿ ಫೋನನ್ನು ಕಂಡೊಡನೆ ಗಡಿಯಾರವನ್ನು ನೋಡುವ ತಾಯಿತಂದೆಗಳು ವ್ಯಾಪಾರಿಯ ಶತ್ರುಗಳೆಂದು ತಮ್ಮನ್ನು ಭಾವಿಸಿರುವರು. ವಾಸ್ತವವಾಗಿ ಅವರು ಹಿಡಿದಿರುವುದೂ ವ್ಯಾಪಾರಿಯ ಕೋಲನ್ನೇ. ಅವನು ಗಂಟೆ ಹೆಚ್ಚಿದರೆ ಹಿಗ್ಗುವನು, ಇವರು ಗಂಟೆ ಹೆಚ್ಚಿದರೆ ಕುಗ್ಗುವರು. ಗಂಟೆಯೇ ಪ್ರಮಾಣವೆಂಬುದರಲ್ಲಿ ಇಬ್ಬರಿಗೂ ಐಕಮತ್ಯ. ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ ಅಂಗೀಕರಿಸಿ, ೨೦೨೨ರಿಂದ ಜಾರಿಗೆ ಬಂದ ರೋಗಗಳ ಪಟ್ಟಿಯಲ್ಲಿ ಆಟದ ವ್ಯಸನಕ್ಕೂ ಸ್ಥಾನವನ್ನು ಕೊಟ್ಟಿದೆ. ಅದರ ಲಕ್ಷಣದಲ್ಲಿ ಇಷ್ಟು ಗಂಟೆ ಎಂಬ ಮಾತೇ ಇಲ್ಲ. ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲ ಕಾರ್ಯಗಳಿಗಿಂತ ಆಟವೇ ಮುಂದಾಗುವುದು, ಕೇಡು ಕಂಡರೂ ಬಿಡಲಾಗದಿರುವುದು, ಸಾಮಾನ್ಯವಾಗಿ ೧೨ ತಿಂಗಳ ಮಟ್ಟಿಗೆ ಹೀಗೆಯೇ ನಡೆಯುವುದು, ಇವೇ ಕುರುಹುಗಳು. ೨೦೨೨ರಲ್ಲಿ ಪ್ರಕಟವಾದ ಒಂದು ಶೋಧನೆಯಲ್ಲಿ ಸುಮಾರು ೩೯,೦೦೦ ಆಟಗಾರರು ನಿಜವಾಗಿ ಆಡಿದ ಕಾಲವನ್ನು ಸಂಸ್ಥೆಗಳ ದಾಖಲೆಯಿಂದಲೇ ಪಡೆದು ಅವರ ಮನಸ್ಸಿನ ಕ್ಷೇಮದೊಡನೆ ಹೋಲಿಸಲು, ಆಡಿದ ಕಾಲಕ್ಕೂ ಕ್ಷೇಮಕ್ಕೂ ಹೇಳಿಕೊಳ್ಳುವಂತಹ ಸಂಬಂಧ ಕಾಣಲಿಲ್ಲ. ೨೦೨೧ರಲ್ಲಿ ಚೀನಾದೇಶವು ಬಾಲಕರಿಗೆ ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾದಿನಗಳಲ್ಲಿ ರಾತ್ರಿ ೮ರಿಂದ ೯ ಗಂಟೆಯವರೆಗೆ ಮಾತ್ರ ಜಾಲದ ಆಟಗಳನ್ನಾಡಬಹುದೆಂದು ಕಟ್ಟಳೆ ಮಾಡಿತು. ಗಡಿಯಾರದಿಂದ ನಿದ್ದೆಯನ್ನೂ ಪಾಠವನ್ನೂ ಕಾಪಾಡಬಹುದು, ಅದು ಒಳ್ಳೆಯದೇ; ಆಡುವವನ ಮನಸ್ಸು ಮೀಯುತ್ತಿದೆಯೋ ಮುಳುಗಿಹೋಗುತ್ತಿದೆಯೋ ಎಂಬುದನ್ನು ಗಡಿಯಾರವು ಹೇಳದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ೨೦೧೪ರಲ್ಲಿಯೇ ಇಂತಹ ತೊಂದರೆಗೊಳಗಾದವರಿಗಾಗಿ ಒಂದು ಚಿಕಿತ್ಸಾಲಯವನ್ನು ತೆರೆಯಿತು. ಮುಳುಗಿಹೋಗುತ್ತಿರುವವನನ್ನು ಅಲ್ಲಿಗೆ ಕರೆದೊಯ್ಯುವುದು ಧರ್ಮ. ಮೀಯುವವನನ್ನು ಜುಟ್ಟು ಹಿಡಿದು ದಡಕ್ಕೆಳೆಯುವುದು ಧರ್ಮವಲ್ಲ.

ಶಾಸನವೂ ಈ ಪ್ರಶ್ನೆಯನ್ನು ಬದಿಯಿಂದಲೇ ಮುಟ್ಟಿದೆ. ಕರ್ನಾಟಕವು ೨೦೨೧ರಲ್ಲಿ ಪೊಲೀಸ್ ಕಾನೂನನ್ನು ತಿದ್ದಿ ಹಣದ ಪಣವಿರುವ ಜಾಲದ ಆಟಗಳನ್ನು ನಿಷೇಧಿಸಿತು. ೨೦೨೨ರ ಫೆಬ್ರವರಿಯಲ್ಲಿ ಉಚ್ಚನ್ಯಾಯಾಲಯವು ಆ ತಿದ್ದುಪಡಿಯ ಮುಖ್ಯಭಾಗವನ್ನು ರದ್ದುಪಡಿಸಿತು. ೨೦೨೫ರ ಆಗಸ್ಟಿನಲ್ಲಿ ಸಂಸತ್ತು, ಕೌಶಲವಿರಲಿ ಅದೃಷ್ಟವಿರಲಿ, ಹಣದ ಪಣವಿರುವ ಜಾಲದ ಆಟಗಳನ್ನೆಲ್ಲ ನಿಷೇಧಿಸುವ ಶಾಸನವನ್ನು ಅಂಗೀಕರಿಸಿತು. ಹಣವನ್ನು ಎಣಿಸಬಹುದಾದುದರಿಂದ ಶಾಸನವು ಹಣವನ್ನು ಹಿಡಿಯಿತು, ಅದು ಉಚಿತವೇ. ಹಣವನ್ನು ಕೇಳದೆ ಕಾಲವನ್ನು ಮಾತ್ರ ಕೇಳುವ ಆಟದ ಗುಣದೋಷಗಳನ್ನು ಯಾವ ಶಾಸನವೂ ನಿರ್ಣಯಿಸಲಾರದು. ಅದು ಸಹೃದಯನ ಕೆಲಸ, ವಿಮರ್ಶಕನ ಕೆಲಸ, ಮನೆಯವರ ಕೆಲಸ.

ಎಣಿಸಲೇಬಾರದೆಂದು ಇದರ ತಾತ್ಪರ್ಯವಲ್ಲ, ಎಣಿಸತಕ್ಕದ್ದನ್ನು ಎಣಿಸಬೇಕು. ಅಭಿನವಗುಪ್ತನು ರಸಕ್ಕೆ ಏಳು ವಿಘ್ನಗಳನ್ನು ಹೇಳಿರುವನು. ಏಳೂ ವೀಡಿಯೋ ಆಟಕ್ಕೆ ಕೈಯಲ್ಲಿ ಹಾಕಿದ ಬಳೆಯಂತೆ ಹೊಂದುವುವು. ಕಥೆಯು ಸಂಭಾವ್ಯವೆಂದು ತೋರದಿರುವುದು ಮೊದಲನೆಯದು. ತನ್ನ ಸ್ವಂತದ ದೇಶಕಾಲಗಳು ನಡುವೆ ನುಗ್ಗುವುದು ಎರಡನೆಯದು. ಯುದ್ಧದ ನಡುವೆ ಸಾಬೂನಿನ ಜಾಹೀರಾತು ಬರುವುದು ಇದಕ್ಕೆ ನಿದರ್ಶನ. ಸ್ವಂತದ ಸುಖದುಃಖಗಳಿಗೆ ಮನಸ್ಸು ವಶವಾಗಿರುವುದು ಮೂರನೆಯದು. ನಾಳೆ ಪರೀಕ್ಷೆಯಿರುವವನಿಗೆ ಯಾವ ಆಟವೂ ರುಚಿಸದು. ತಿಳಿಯುವ ಸಾಧನದಲ್ಲಿಯೇ ಕೊರತೆಯಿರುವುದು ನಾಲ್ಕನೆಯದು. ಬೆಟ್ಟದ ಮರೆಯ ಊರಿನಲ್ಲಿ ನಡುವೆ ಕಡಿದುಹೋಗುವ ಸಂಕೇತ, ಕಾದು ನಿಂತುಹೋಗುವ ಫೋನು ಈ ಜಾತಿಗೆ ಸೇರಿದುವು. ಅರ್ಥವು ಸ್ಫುಟವಾಗದಿರುವುದು ಐದನೆಯದು. ಕನ್ನಡವನ್ನೋ ತೆಲುಗನ್ನೋ ಮನೆಮಾತಾಗಿ ಉಳ್ಳ ಪಾವಗಡದ ಮಗುವಿಗೆ ಸೂಚನೆಗಳೆಲ್ಲ ಇಂಗ್ಲಿಷಿನಲ್ಲಿ ಬಂದರೆ ಅದು ಆಡುವುದು ಊಹೆಯಿಂದ. ಅಪ್ರಧಾನವು ಪ್ರಧಾನವನ್ನು ನುಂಗುವುದು ಆರನೆಯದು. ಕಥೆ ಮರೆಯಾಗಿ ಥಳಥಳಿಸುವ ನಾಣ್ಯ, ಪೆಟ್ಟಿಗೆ, ಬಹುಮಾನಗಳೇ ಮುಂದಾಗುವುದು ಇಂತಹುದು. ಸಂಶಯವು ಏಳನೆಯದು, ಏನು ಮಾಡಬೇಕೆಂದೇ ತೋಚದ ಸ್ಥಿತಿ. ಇವುಗಳಲ್ಲಿ ಬಹುಭಾಗವನ್ನು ಎಣಿಸಬಹುದು. ಒಂದು ಗಂಟೆಯಲ್ಲಿ ಎಷ್ಟು ಜಾಹೀರಾತು, ಎಷ್ಟು ಬಾರಿ ಕಡಿತ, ಎಷ್ಟು ಅರ್ಥವಾಗದ ಸೂಚನೆ, ಎಂದು ಲೆಕ್ಕವಿಟ್ಟರೆ ನಿರ್ಮಾಪಕನಿಗೆ ತಿದ್ದಿಕೊಳ್ಳಲು ದಾರಿಯುಂಟು. ತೋಟಗಾರನು ಕಳೆಯನ್ನು ಎಣಿಸಿ ಕೀಳಬಲ್ಲನು. ಹೂವಿನ ಪರಿಮಳವನ್ನು ಎಣಿಸಲಾರನು. ಅದರಿಂದ ತೋಟಗಾರಿಕೆಗೆ ಯಾವ ಕುಂದೂ ಬಂದಿಲ್ಲ.

ಆದುದರಿಂದ ಆಗಬೇಕಾದದ್ದು ಮೂರು. ಒಂದು: ಸರ್ಕಾರದ ನೀತಿಯ ಆಶ್ರಯದಲ್ಲಿ ಆಟದ ನಿರ್ಮಾಣವನ್ನು ಕಲಿಸುವಲ್ಲೆಲ್ಲ ಪ್ರಶ್ನಾವಳಿಯ ಜೊತೆಗೆ ರಸಮೀಮಾಂಸೆಯೂ ಪಾಠವಾಗಬೇಕು, ಅಂಕೆಯನ್ನು ತೆಗೆದವನು ತಾನು ಅಳೆದದ್ದು ಏನೆಂದು ಅದರ ನಿಜವಾದ ಹೆಸರಿನಿಂದಲೇ ಕರೆಯಬೇಕು. ಮರಳಿ ಬಂದವರ ಸಂಖ್ಯೆಯನ್ನು ಮರಳಿ ಬಂದವರ ಸಂಖ್ಯೆಯೆನ್ನಲಿ, ತನ್ಮಯತೆಯೆನ್ನದಿರಲಿ. ಎರಡು: ಕಾದಂಬರಿಗೂ ನಾಟಕಕ್ಕೂ ವಿಮರ್ಶೆ ಬರೆಯುವ ಕನ್ನಡದ ಪತ್ರಿಕೆಗಳು, ತರುಣರು ರಾತ್ರಿಹಗಲು ಆಡುವ ಈ ಆಟಗಳಿಗೂ ವಿಮರ್ಶೆ ಬರೆಸಬೇಕು. ಪ್ರಾಶ್ನಿಕರಿಲ್ಲದ ರಂಗದಲ್ಲಿ ಪತಾಕೆಯನ್ನು ವ್ಯಾಪಾರಿಯೇ ತನಗೆ ಕೊಟ್ಟುಕೊಳ್ಳುವನು. ಆಟವಾಡಬಲ್ಲ, ಕಾವ್ಯವನ್ನೂ ಓದಬಲ್ಲ ತರುಣರು ಈ ನಾಲ್ಕು ತಾಲ್ಲೂಕುಗಳಲ್ಲಿಯೇ ದೊರೆಯುವರು. ಅವರಿಗೆ ಪುಟಗಳನ್ನು ಬಿಟ್ಟುಕೊಡುವ ಧೈರ್ಯ ಸಾಹಿತ್ಯಸಂಘಗಳಿಗೆ ಬೇಕು. ಮೂರು: ಮನೆಯ ಹಿರಿಯರು ‘ಎಷ್ಟು ಹೊತ್ತು ಆಡಿದೆ?’ ಎಂಬ ಒಂದೇ ಪ್ರಶ್ನೆಯನ್ನು ಬಿಟ್ಟು, ‘ಕಥೆಯೇನು? ನಿನಗೆ ಅದರಲ್ಲಿ ಯಾರು ಇಷ್ಟ? ಕರೆದರೆ ಏಳಬಲ್ಲೆಯಾ?’ ಎಂದು ಕೇಳಬೇಕು. ಕಥೆಯನ್ನು ಹೇಳುತ್ತಾ ಮುಖವರಳುವ ಮಗುವು ಮಿಂದು ಬಂದಿದೆ. ಹೇಳಲು ಕಥೆಯೇ ಇಲ್ಲದೆ, ಕರೆದರೆ ಸಿಡುಕಿ, ಮತ್ತೆ ತೆರೆಗೆ ತಿರುಗುವ ಮಗುವಿನ ಕೈಯನ್ನು ಹಿಡಿಯುವ ಕಾಲ ಬಂದಿದೆ. ಇದಕ್ಕೆ ಯಂತ್ರವೂ ಬೇಡ, ಪ್ರಶ್ನಾವಳಿಯೂ ಬೇಡ. ಮಗುವಿನ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳುವ ವ್ಯವಧಾನ ಬೇಕು. ಆ ವ್ಯವಧಾನವಿಲ್ಲದ ಮನೆಯಲ್ಲಿ ಎಷ್ಟು ನಿಖರವಾದ ಅಂಕೆಯಿದ್ದರೂ ಅದು ಮಗುವಿನ ವಿಷಯವಾಗಿ ಏನನ್ನೂ ಹೇಳದು.